ಸಾನ್ಲಿಸ್‌ನ ಸೆರಾಫೀನ್: ಮನೆಗೆಲಸ ಮುಗಿದ ಮೇಲೆ ಬರೆದ ಮರಗಳು

(ಚಿತ್ರಕಲಾ ವಿದ್ಯಾರ್ಥಿಗಳು ಮತ್ತು ಆಸಕ್ತರ ಎದುರು ಆಡಿದ ಮಾತಿನ ಬರಹ ರೂಪ. ಪರದೆಯ ಮೇಲೆ ಚಿತ್ರ ತೋರಿಸಿದ ಕಡೆಗಳಲ್ಲಿ ಒಂದೆರಡು ಸಾಲಿನ ವಿವರಣೆ ಸೇರಿಸಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಮುಖ್ಯವೆನಿಸಿದ್ದನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸೆರಾಫೀನ್ ಲೂಯಿ ಎಂಬ ಫ್ರೆಂಚ್ ಚಿತ್ರಕಾರ್ತಿಯ ಬಗ್ಗೆ ಎಲ್ಲೇ ಓದಿದರೂ ಕಥೆ 1912ರಲ್ಲಿ ಶುರುವಾಗುತ್ತದೆ. ಜರ್ಮನಿಯ ಒಬ್ಬ ಕಲಾಸಂಗ್ರಾಹಕ ಪ್ಯಾರಿಸ್ಸಿನ ಗದ್ದಲ ಸಾಕಾಗಿ ಹತ್ತಿರದ ಸಣ್ಣ ಊರಿನಲ್ಲಿ ಮನೆ ಹಿಡಿಯುತ್ತಾನೆ. ಅಲ್ಲಿ ಯಾರದೋ ಮನೆಯಲ್ಲಿ ಸೇಬು ಹಣ್ಣುಗಳ ಸಣ್ಣ ಸ್ಟಿಲ್ ಲೈಫ್ (ಎದುರಿಗಿಟ್ಟ ಹಣ್ಣು, ಹೂ, ಪಾತ್ರೆಗಳಂಥ ವಸ್ತುಗಳ ಚಿತ್ರ) ನೋಡಿ ಬೆರಗಾಗುತ್ತಾನೆ. ಯಾರು ಬರೆದದ್ದು ಎಂದು ಕೇಳಿದರೆ, ತನ್ನ ಮನೆಗೆ ಕಸ ಗುಡಿಸಲು ಬರುವ ಹೆಂಗಸೇ ಎಂದು ಗೊತ್ತಾಗುತ್ತದೆ. ಒಳ್ಳೆಯ ಕಥೆ. ಆತನೇ ಬರೆದುಕೊಂಡಿದ್ದಾನೆ, ಸುಳ್ಳೆನ್ನಲು ಕಾರಣವಿಲ್ಲ. ಆದರೆ ಆ ಹೊತ್ತಿಗೆ ಸೆರಾಫೀನ್ ಐವತ್ತರ ಹತ್ತಿರ ಬಂದಿದ್ದಳು. ಮೂವತ್ತು ವರ್ಷ ಬೇರೆಯವರ ನೆಲ ಒರೆಸಿ, ಬಟ್ಟೆ ಒಗೆದು, ಅದರ ನಡುವೆಯೇ ಚಿತ್ರ ಬರೆಯುವುದನ್ನೂ ರೂಢಿಸಿಕೊಂಡಿದ್ದಳು. ನೋಡಿದವನಿಂದ ಕಥೆ ಶುರು ಮಾಡಿದರೆ ಬರೆದವಳು ಎರಡನೇ ಪಾತ್ರವಾಗಿಬಿಡುತ್ತಾಳೆ. ಆದ್ದರಿಂದ ನಾನು ಸ್ವಲ್ಪ ಹಿಂದಿನಿಂದ ಬರುತ್ತೇನೆ.

ಪ್ಯಾರಿಸ್ಸಿನ ಉತ್ತರಕ್ಕೆ ವಾಝ್ ಎಂಬ ಪ್ರಾಂತ್ಯವಿದೆ. ಹೊಲ, ಕಾಡು, ಹಳೆಯ ಇಗರ್ಜಿಗಳ ಸೀಮೆ. ಅಲ್ಲಿನ ಆರ್ಸಿ ಎಂಬ ಹಳ್ಳಿಯಲ್ಲಿ 1864ರ ಸೆಪ್ಟೆಂಬರ್ 3ರಂದು ಸೆರಾಫೀನ್ ಹುಟ್ಟಿದಳು. ಬಡವರ ಮನೆ. ಮಗುವಿಗೆ ಒಂದು ವರ್ಷ ತುಂಬುವ ಹೊತ್ತಿಗೆ ತಾಯಿ ಹೋದಳು, ಏಳು ತುಂಬುವುದರೊಳಗೆ ತಂದೆಯೂ ಹೋದ. ಅಕ್ಕನ ಆಸರೆಯಲ್ಲಿ ಬೆಳೆದಳು, ಕುರಿ ಕಾದಳು. ಹದಿಹರೆಯ ಮುಗಿಯುವ ಮುಂಚೆ ಕ್ಲೆರ್ಮೋನ್ ಎಂಬ ಪಟ್ಟಣದ ಕಾನ್ವೆಂಟಿನಲ್ಲಿ ಕೆಲಸಕ್ಕೆ ಸೇರಿದಳು. ಸನ್ಯಾಸಿನಿಯಾಗಿ ಅಲ್ಲ, ಸನ್ಯಾಸಿನಿಯರ ಕೆಲಸದವಳಾಗಿ. ಅಲ್ಲಿ ಸುಮಾರು ಇಪ್ಪತ್ತು ವರ್ಷ ಕಳೆದವು. ಕ್ಲೆರ್ಮೋನ್ ಎಂಬ ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಇಪ್ಪತ್ತನೇ ಶತಮಾನ ಶುರುವಾಗುತ್ತಿದ್ದಂತೆ ಅವಳು ಸಾನ್ಲಿಸ್ ಎಂಬ ಊರಿಗೆ ಬಂದಳು. ಅನುಕೂಲಸ್ಥರ ಮನೆಗಳಲ್ಲಿ ದಿನಗೂಲಿಯ ಮನೆಗೆಲಸ. ಪುಟ್ಟ ಬಾಡಿಗೆ ಕೋಣೆ. ಚಿತ್ರ ಬರೆಯುವುದು ಆಗ ಶುರುವಾಯಿತು. ಬರೆಯಬೇಕೆಂದು ದೇವದೂತ ಹೇಳಿದ, ಮಾತೆ ಮೇರಿಯ ಅಪ್ಪಣೆಯಾಯಿತು ಎಂದು ಅವಳು ಹೇಳುತ್ತಿದ್ದಳು. ಈ ಮಾತು ಕೇಳಿದ ಕೂಡಲೇ ಕೆಲವರು ಭಕ್ತಿ ಎನ್ನುತ್ತಾರೆ, ಕೆಲವರು ಕಾಯಿಲೆ ಎನ್ನುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಬೇರೆ. ಓದಿಲ್ಲದ, ಗಂಡನಿಲ್ಲದ, ದುಡ್ಡಿಲ್ಲದ ಒಬ್ಬ ಕೆಲಸದಾಕೆ ನಲವತ್ತರ ವಯಸ್ಸಿನಲ್ಲಿ ಬ್ರಷ್ ಹಿಡಿಯುತ್ತೇನೆ ಎಂದರೆ ಊರು ನಗುತ್ತದೆ. ದೇವರೇ ಹೇಳಿದ್ದಾನೆ ಎಂದರೆ ನಗುವ ಮುಂಚೆ ಒಂದು ಕ್ಷಣ ತಡೆಯುತ್ತದೆ. ಅವಳು ಲೆಕ್ಕ ಹಾಕಿ ಹಾಗೆ ಹೇಳಿದಳು ಎನ್ನುತ್ತಿಲ್ಲ. ಆ ನಂಬಿಕೆ ಅವಳಿಗೆ ಒಂದು ಅನುಮತಿಪತ್ರವೂ ಆಗಿತ್ತು ಎನ್ನುತ್ತಿದ್ದೇನೆ.

ಯಾಕೆಂದರೆ ಬೇರೆ ಯಾವ ಅನುಮತಿಯೂ ಅವಳಿಗಿರಲಿಲ್ಲ. ಪ್ಯಾರಿಸ್ಸಿನ ಎಕೋಲ್ ದೆ ಬೋಜಾರ್, ಅಂದರೆ ಫ್ರಾನ್ಸಿನ ಅತಿ ದೊಡ್ಡ ಸರ್ಕಾರಿ ಕಲಾಶಾಲೆ, ಹೆಂಗಸರಿಗೆ ಬಾಗಿಲು ತೆರೆದದ್ದು 1897ರಲ್ಲಿ. ಆಗ ಸೆರಾಫೀನ್ ಕಾನ್ವೆಂಟಿನ ಪಾತ್ರೆ ತೊಳೆಯುತ್ತಿದ್ದಳು. ‘ಗುರುವಿಲ್ಲದೆ ಕಲಿತವಳು’ ಎಂದು ಹೊಗಳುವಾಗ ಇದನ್ನೂ ಸೇರಿಸಿ ಹೇಳಬೇಕು. ಗುರು ಬೇಡವೆಂದು ಅವಳು ಬಿಟ್ಟವಳಲ್ಲ. ಗುರುಗಳಿದ್ದ ಕಡೆಗೆ ಅವಳಿಗೆ ದಾರಿಯೇ ಇರಲಿಲ್ಲ.

ಈಗ ಸಾಮಗ್ರಿಗೆ ಬರೋಣ. ನಿಮ್ಮಲ್ಲಿ ಬಣ್ಣ ಹಿಡಿಯುವವರು ಹೆಚ್ಚಿದ್ದೀರಿ, ನಿಮಗೆ ಇದು ಬೇಕು. ಕಲಾವಿದರ ಎಣ್ಣೆಬಣ್ಣದ ಟ್ಯೂಬುಗಳು ದುಬಾರಿ. ಅವಳು ಬಳಸಿದ್ದು ರಿಪೋಲಿನ್. ಅದು ಫ್ರಾನ್ಸಿನ ಮನೆಮನೆಯಲ್ಲಿ ಕಿಟಕಿ, ಬಾಗಿಲು, ಪೀಠೋಪಕರಣಕ್ಕೆ ಹೊಡೆಯುತ್ತಿದ್ದ ಎನಾಮಲ್ ಪೇಂಟ್. (ಪಿಕಾಸೊ ಕೂಡ ಅದೇ ಕಾಲದಲ್ಲಿ ರಿಪೋಲಿನ್ ಬಳಸಿದ. ಅವನು ಬಳಸಿದರೆ ಪ್ರಯೋಗ, ಇವಳು ಬಳಸಿದರೆ ಬಡತನ. ಕಲಾವಿಮರ್ಶೆಯ ಈ ಎರಡು ತಕ್ಕಡಿ ನಿಮಗೂ ಗೊತ್ತಿರುವುದೇ.) ಅದಕ್ಕೆ ಅವಳು ಮತ್ತೇನೇನೋ ಬೆರೆಸುತ್ತಿದ್ದಳು. ಏನೆಂದು ಯಾರಿಗೂ ಹೇಳಲಿಲ್ಲ, ಬರೆಯುವಾಗ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಇಗರ್ಜಿಯ ದೀಪದ ಎಣ್ಣೆ, ಕಟುಕರ ಅಂಗಡಿಯ ರಕ್ತ ಎಂದೆಲ್ಲ ದಂತಕಥೆಗಳಿವೆ. ದಂತಕಥೆ ಕೇಳಲು ರುಚಿ. ಆದರೆ ನನ್ನ ಕಣ್ಣಿಗೆ ಬೀಳುವುದು ಗುಟ್ಟು ಕಾಪಾಡಿಕೊಳ್ಳುವ ಆ ಗತ್ತು. ತನ್ನ ಬಣ್ಣದ ಪಾಕ ತನ್ನದು ಎಂದು ಹೇಳುವವಳು ತನ್ನನ್ನು ಕಸುಬುದಾರಳು ಎಂದುಕೊಂಡವಳು.

ಎನಾಮಲ್ ಬಣ್ಣದ ಸ್ವಭಾವ ನೋಡಿ. ಬ್ರಷ್ಷಿನ ಗೆರೆ ಉಳಿಯದೆ ತಾನೇ ಸಮವಾಗಿ ಕೂಡಿಕೊಳ್ಳುತ್ತದೆ, ಒಣಗಿದ ಮೇಲೆ ಹೊಳೆಯುತ್ತದೆ. ಹಸಿ ಇರುವಾಗ ಮೇಲೆ ಇನ್ನೊಂದು ಬಣ್ಣವಿಟ್ಟರೆ ಹರಡಿ ಕೆಡುತ್ತದೆ. ಒಂದು ಎಲೆಯ ಮೇಲೆ ಸಣ್ಣ ಸಣ್ಣ ಚುಕ್ಕಿ, ಅಂಚಿಗೆ ರೆಪ್ಪೆಯಂಥ ಗೆರೆ, ಅದರೊಳಗೆ ಇನ್ನೊಂದು ಬಣ್ಣ, ಹೀಗೆ ಪದರದ ಮೇಲೆ ಪದರ ಬೇಕಾದರೆ ಕಾಯಬೇಕು. ಒಂದು ಕಡೆ ಮುಗಿಸಿ ಇನ್ನೊಂದು ಕಡೆ ಹೋಗಿ, ಒಣಗಿದ ಮೇಲೆ ಮರಳಿ ಬರಬೇಕು. ಇದೆಲ್ಲ ಹಗಲು ದುಡಿದು ಬಂದ ಮೇಲೆ, ರಾತ್ರಿ, ಮೇಣದಬತ್ತಿಯ ಬೆಳಕಿನಲ್ಲಿ. ಅವಳು ಆವೇಶ ಬಂದವಳಂತೆ ಬರೆಯುತ್ತಿದ್ದಳು ಎಂದು ಬರೆಯುವವರಿದ್ದಾರೆ. ಬರೆಯುವಾಗ ಕೀರ್ತನೆ ಹಾಡಿಕೊಳ್ಳುತ್ತಿದ್ದಳಂತೆ. ಹಾಡಿರಬಹುದು. ಆದರೆ ಈ ಎಲೆಗಳು ಬರೀ ಆವೇಶದಿಂದ ಆಗುವ ಕೆಲಸವಲ್ಲ.

(ಇಲ್ಲಿ ಎರಡು ಚಿತ್ರ ತೋರಿಸಿದೆ. ಒಂದು ಶುರುವಿನ ಕಾಲದ, ಎಲೆಗಳ ನಡುವೆ ಹಣ್ಣುಗಳಿರುವ ಸಣ್ಣ ಚಿತ್ರ. ಇನ್ನೊಂದು 1928ರ ‘ಜೀವವೃಕ್ಷ’, ಈಗ ಸಾನ್ಲಿಸ್‌ನ ವಸ್ತುಸಂಗ್ರಹಾಲಯದಲ್ಲಿರುವುದು.)

ಎರಡನೆಯದನ್ನು ನಿಧಾನವಾಗಿ ನೋಡಿ. ಮರ ಎಂದು ಗೊತ್ತಾಗುತ್ತದೆ. ಯಾವ ಮರ? ಯಾವುದೂ ಅಲ್ಲ. ಎಲೆಗಳು ಕೆಲವು ಕಡೆ ಹಕ್ಕಿಯ ಗರಿ, ಕೆಲವು ಕಡೆ ಕಪ್ಪೆಚಿಪ್ಪು, ಕೆಲವು ಕಡೆ ನೇರವಾಗಿ ನಮ್ಮನ್ನೇ ನೋಡುವ ಕಣ್ಣು. ಗಾಳಿ ಎಲ್ಲಿಂದ ಬೀಸುತ್ತಿದೆ ಎಂದು ಹೇಳಲಾಗುವುದಿಲ್ಲ. ನೆರಳಿಲ್ಲ. ದೂರ ಹತ್ತಿರ ಎಂಬುದಿಲ್ಲ. ನಿಮ್ಮ ಮೇಷ್ಟ್ರು ಮೊದಲ ವರ್ಷ ಹೇಳಿಕೊಡುವ ಪರ್ಸ್ಪೆಕ್ಟಿವ್ ಪಾಠ ಇಲ್ಲಿ ಹುಡುಕಿದರೂ ಸಿಗದು. ಆದರೂ ಮರ ಬೆಳೆಯುತ್ತಿದೆ ಎನಿಸುತ್ತದೆ. ಅದು ಹೇಗೆ?

ನನಗೆ ತೋಚುವುದು ಇಷ್ಟು. ಅವಳು ಮರವನ್ನು ದೂರದಿಂದ ಒಂದು ಆಕಾರವಾಗಿ ಕಂಡು ಅದರೊಳಗೆ ಎಲೆ ತುಂಬಿದವಳಲ್ಲ. ಎಲೆಯಿಂದ ಎಲೆಗೆ ಹೋದವಳು. ಹೂ ಕಟ್ಟುವವರು ಮೊದಲ ಹೂವಿಗೆ ಹಾಕಿದ ಗಂಟನ್ನೇ ಕೊನೆಯ ಹೂವಿಗೂ ಹಾಕುತ್ತಾರಲ್ಲ, ಮೂಲೆಯ ಎಲೆ ಎಂದು ಇವಳೂ ಕಡಿಮೆ ಮಾಡುವುದಿಲ್ಲ. ಚಿತ್ರದ ತುದಿಯಲ್ಲಿ, ಕಣ್ಣು ಹೋಗದ ಜಾಗದಲ್ಲಿ ಇರುವ ಎಲೆಗೂ ಅಂಚು, ಚುಕ್ಕಿ, ಹೊಳಪು ಎಲ್ಲ ಇದೆ. ಯಜಮಾನರು ನೋಡುವ ಹಾಲ್ ಒರೆಸಿ ಮಂಚದ ಕೆಳಗಿನ ಧೂಳು ಬಿಡುವ ಕೆಲಸದವರಿರುತ್ತಾರೆ, ಅದನ್ನೂ ತೆಗೆಯುವವರಿರುತ್ತಾರೆ. ಇವಳು ಎರಡನೆಯ ಜಾತಿ. ಸೆರಾಫೀನಳ ಕಲಾಶಾಲೆ ಯಾವುದು ಎಂದು ಕೇಳಿದರೆ ನಾನು ಅವಳ ದುಡಿಮೆ ಎಂದೇ ಹೇಳುತ್ತೇನೆ.

ಎರಡನೇ ಪಾಠಶಾಲೆ ಇಗರ್ಜಿ. ಸಾನ್ಲಿಸ್‌ನಲ್ಲಿ ದೊಡ್ಡ ಗೋಥಿಕ್ ಕ್ಯಾಥೆಡ್ರಲ್ ಇದೆ, ಬಣ್ಣದ ಗಾಜಿನ ಕಿಟಕಿಗಳಿವೆ. ಕಾನ್ವೆಂಟಿನಲ್ಲಿ ಪೂಜಾಪೀಠದ ಹೂಗುಚ್ಛಗಳು, ಕಸೂತಿ ಬಟ್ಟೆಗಳು ಇಪ್ಪತ್ತು ವರ್ಷ ಅವಳ ಕಣ್ಣೆದುರು ಇದ್ದಿರಬೇಕು. ಹಿಂದಿನಿಂದ ಬೆಳಕು ಬಿದ್ದಂತೆ ಹೊಳೆಯುವ ಕೆಂಪು, ನೀಲಿ, ಹಳದಿಗಳು ಬಯಲಿನ ಬಿಸಿಲಿನಲ್ಲಿ ನೋಡಿದ ಬಣ್ಣಗಳಲ್ಲ. ಹಾಗಾದರೆ ಇವಳು ಪ್ರಕೃತಿಯನ್ನು ಬರೆದವಳು ಹೇಗೆ ಆಗುತ್ತಾಳೆ ಎಂದು ನೀವು ಕೇಳಬಹುದು. ಸ್ವಲ್ಪ ಪಕ್ಕಕ್ಕೆ ಹೋಗಿ ಬರುತ್ತೇನೆ.

ಫ್ರಾನ್ಸಿನಲ್ಲಿ ಅದೇ ಕಾಲಕ್ಕೆ ಶಾಲೆಗೆ ಹೋಗದೆ ಪ್ರಕೃತಿಯನ್ನು ಬರೆದ ಇನ್ನಿಬ್ಬರಿದ್ದರು. ಆನ್ರಿ ರೂಸೊ, 1844ರಲ್ಲಿ ಹುಟ್ಟಿದವನು, ಪ್ಯಾರಿಸ್ಸಿನ ಸುಂಕದ ಕಟ್ಟೆಯಲ್ಲಿ ನೌಕರ. ಹುಲಿ, ಸಿಂಹ, ಕೋತಿಗಳ ದಟ್ಟ ಕಾಡುಗಳನ್ನು ಬರೆದ. ಫ್ರಾನ್ಸ್ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಅವನ ಕಾಡು ಪ್ಯಾರಿಸ್ಸಿನ ಸಸ್ಯೋದ್ಯಾನದ ಗಾಜಿನ ಮನೆಗಳಲ್ಲಿ, ಚಿತ್ರಪುಸ್ತಕಗಳಲ್ಲಿ ಇತ್ತು. ಆಂದ್ರೆ ಬೋಶಾನ್ ಎಂಬಾತ ಗಿಡಗಳ ನರ್ಸರಿ ನಡೆಸುತ್ತಿದ್ದವನು. ಅವನಿಗೆ ಹೂವು ಬೇರಿನಿಂದ ಗೊತ್ತು. ರೂಸೊ ಕಾಣದ ಕಾಡನ್ನು ಬರೆದ, ಬೋಶಾನ್ ಬೆಳೆಸಿದ ಹೂವನ್ನು ಬರೆದ. ಸೆರಾಫೀನ್ ಎರಡಕ್ಕೂ ಸೇರುವುದಿಲ್ಲ. ಬಾಲ್ಯದಲ್ಲಿ ಕುರಿ ಕಾದವಳು, ಹೊಲದ ಅಂಚಿನ ಗಿಡಗಳ ನಡುವೆ ಬೆಳೆದವಳು, ಊರ ಸುತ್ತ ತಿರುಗಾಡಿದವಳು. ಗಿಡ ಅವಳಿಗೆ ಗೊತ್ತು. ಆದರೆ ಬರೆದದ್ದು ಕೋಣೆಯ ಬಾಗಿಲು ಹಾಕಿಕೊಂಡು, ಎದುರಿಗೆ ಗಿಡವಿಲ್ಲದೆ. ನೆನಪಿನಲ್ಲಿ ಉಳಿದ ಎಲೆಗೆ ಜಾತಿ, ಹೆಸರು ಇರುವುದಿಲ್ಲ. ಅಂಚು, ನರ, ಮಿನುಗು ಇರುತ್ತವೆ, ಒಂದರಿಂದ ಇನ್ನೊಂದು ಒಡೆಯುವ ಹುರುಪು ಇರುತ್ತದೆ. ಸಸ್ಯಶಾಸ್ತ್ರದವರು ಇವಳ ಚಿತ್ರದಲ್ಲಿ ಒಂದು ಹೂವನ್ನೂ ಗುರುತಿಸಲಾರರು. ಚಿಗುರು ಒಡೆಯುವ ರಭಸವನ್ನು ಇವಳಷ್ಟು ಬಲವಾಗಿ ಬರೆದವರು, ನಾನು ನೋಡಿದ್ದರಲ್ಲಿ, ಕಡಿಮೆ.

ಸರಿ, ಈಗ ಆ ಜರ್ಮನ್ ಸಂಗ್ರಾಹಕನ ಹತ್ತಿರ ಹೋಗೋಣ. ಹೆಸರು ವಿಲ್‌ಹೆಲ್ಮ್ ಊಡೆ. ಸಾಮಾನ್ಯ ಕಣ್ಣಲ್ಲ. ಪಿಕಾಸೊ, ಬ್ರಾಕ್ ಚಿತ್ರಗಳನ್ನು ಜನ ನಗುತ್ತಿದ್ದಾಗಲೇ ಕೊಂಡವನು. 1910ರಲ್ಲಿ ಪಿಕಾಸೊ ಬರೆದ ಊಡೆಯ ಭಾವಚಿತ್ರ ಕ್ಯೂಬಿಸಂನ, ಅಂದರೆ ಆಕಾರಗಳನ್ನು ಕೋನಕೋನವಾಗಿ ಒಡೆದು ಬರೆಯುವ ಶೈಲಿಯ, ಹೆಸರಾಂತ ಚಿತ್ರಗಳಲ್ಲಿ ಒಂದು. ರೂಸೊ ಬಗ್ಗೆ ಮೊಟ್ಟಮೊದಲ ಪುಸ್ತಕ ಬರೆದವನೂ ಇವನೇ, 1911ರಲ್ಲಿ. ಇಂಥವನು ಸೇಬಿನ ಚಿತ್ರ ನೋಡಿ ನಿಂತ ಎಂದರೆ ಅದು ದಯೆಯಲ್ಲ, ತೂಕ ಬಲ್ಲವನ ಮೆಚ್ಚುಗೆ.

ಎರಡೇ ವರ್ಷ. 1914ರಲ್ಲಿ ಯುದ್ಧ ಬಂತು. ಜರ್ಮನ್ ಪ್ರಜೆ ಫ್ರಾನ್ಸಿನಲ್ಲಿ ಇರುವಂತಿಲ್ಲ, ಊಡೆ ಎಲ್ಲ ಬಿಟ್ಟು ಹೋದ. ಅವನ ಸಂಗ್ರಹವನ್ನು ಫ್ರೆಂಚ್ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು, 1921ರಲ್ಲಿ ಹರಾಜಾಯಿತು. ಸಾನ್ಲಿಸ್‌ಗೆ ಜರ್ಮನ್ ಸೈನ್ಯ ಬಂದದ್ದು 1914ರ ಸೆಪ್ಟೆಂಬರ್ ಮೊದಲ ವಾರದಲ್ಲಿ. ಮನೆಗಳಿಗೆ ಬೆಂಕಿ ಇಟ್ಟರು, ಊರಿನ ಮೇಯರ್ ಯುಜೀನ್ ಒಡಾನ್‌ನನ್ನೂ ಇನ್ನು ಕೆಲವು ನಾಗರಿಕರನ್ನೂ ಗುಂಡಿಕ್ಕಿ ಕೊಂದರು. ಸೆರಾಫೀನ್‌ಗೆ ಬಿಟ್ಟು ಹೋಗಲು ಇನ್ನೊಂದು ಊರಿರಲಿಲ್ಲ.

ಊಡೆ 1924ರಲ್ಲಿ ಫ್ರಾನ್ಸಿಗೆ ಮರಳಿದ. 1927ರಲ್ಲಿ ಸಾನ್ಲಿಸ್‌ನ ಪುರಭವನದಲ್ಲಿ ಊರಿನ ಕಲಾವಿದರ ಪ್ರದರ್ಶನ ನಡೆಯುತ್ತಿದೆ ಎಂದು ತಿಳಿದು ಹೋದರೆ, ಅಲ್ಲಿ ಅವಳ ಚಿತ್ರಗಳು. ದಯವಿಟ್ಟು ಈ ಇಸವಿಗಳನ್ನು ಕೂಡಿಸಿ ನೋಡಿ. 1914ರಿಂದ 1927. ಪ್ರೋತ್ಸಾಹಿಸುವವರಿಲ್ಲದೆ, ಕೊಳ್ಳುವವರಿಲ್ಲದೆ, ಯುದ್ಧದ ಬೂದಿ ತುಂಬಿದ ಊರಿನಲ್ಲಿ ಅವಳು ಬರೆಯುವುದು ನಿಲ್ಲಿಸಲಿಲ್ಲ. ಊಡೆ ಇಲ್ಲದ ಆ 13 ವರ್ಷಗಳಲ್ಲೇ ಅವಳ ಕೈ ಕುದುರಿತು. ಅವಳ ಬಗ್ಗೆ ಬರುವ ಲೇಖನಗಳಲ್ಲಿ ಈ ಅವಧಿಗೆ ಸಿಗುವುದು ಬಹಳ ಸಲ ಅರ್ಧ ಸಾಲು.

ಆಮೇಲಿನ ಮೂರು ನಾಲ್ಕು ವರ್ಷ ಸುಗ್ಗಿ. ಊಡೆ ಮತ್ತು ಅವನ ತಂಗಿ ಆನ್ ಮಾರಿ ಅವಳಿಗೆ ದೊಡ್ಡ ಕ್ಯಾನ್ವಾಸ್, ಬಣ್ಣ, ಹಣ ಒದಗಿಸಿದರು. ಎರಡು ಮೀಟರ್ ಎತ್ತರದ ಚಿತ್ರಗಳು ಬಂದವು. 60 ದಾಟಿದ ಹೆಂಗಸು ಇಕ್ಕಟ್ಟಾದ ಕೋಣೆಯಲ್ಲಿ ತನಗಿಂತ ಎತ್ತರದ ಮರ ಬರೆಯುತ್ತಿದ್ದಾಳೆ! 1928ರಲ್ಲಿ ಊಡೆ ಪ್ಯಾರಿಸ್ಸಿನಲ್ಲಿ ‘ಪವಿತ್ರ ಹೃದಯದ ಚಿತ್ರಕಾರರು’ ಎಂಬ ಪ್ರದರ್ಶನ ಏರ್ಪಡಿಸಿದ. ರೂಸೊ, ಬೋಶಾನ್, ಅಂಚೆ ಇಲಾಖೆಯ ಲೂಯಿ ವಿವಾನ್, ಸರ್ಕಸ್ಸಿನಲ್ಲಿ ಕುಸ್ತಿ ಮಾಡುತ್ತಿದ್ದ ಕಮೀಯ್ ಬೊಂಬ್ವಾ ಇವರ ಸಾಲಿನಲ್ಲಿ ಸೆರಾಫೀನ್. ಐವರಲ್ಲಿ ಅವಳೊಬ್ಬಳೇ ಹೆಂಗಸು. ಆ ಪ್ರದರ್ಶನದ ಹೆಸರು ನನಗೆ ಅಷ್ಟು ಹಿಡಿಸುವುದಿಲ್ಲ. ಹೃದಯ ಪವಿತ್ರ ಎಂದು ಹೊಗಳಿದಾಗಲೆಲ್ಲ ಕೈಯ ಕುಶಲತೆ ಮರೆಯಾಗುತ್ತದೆ.

ಕೈಗೆ ದುಡ್ಡು ಬಂದಾಗ ಅವಳು ಕೊಳ್ಳತೊಡಗಿದಳು, ಬೆಳ್ಳಿಯ ಸಾಮಾನಿನಂಥ ದುಬಾರಿ ವಸ್ತುಗಳನ್ನು. ‘ಮಿತಿಮೀರಿದಳು’ ಎಂದು ಬರೆಯುತ್ತಾರೆ. ಜೀವನವಿಡೀ ಬೇರೆಯವರ ಬೆಳ್ಳಿ ಉಜ್ಜಿದವಳು ತನ್ನದೊಂದು ಬೆಳ್ಳಿ ಬೇಕೆಂದದ್ದನ್ನು ನಾನು ಕಾಯಿಲೆಯ ಪಟ್ಟಿಗೆ ಸೇರಿಸಲು ಹಿಂಜರಿಯುತ್ತೇನೆ.

ಅಮೆರಿಕದ ಷೇರುಪೇಟೆ ಕುಸಿದ ಹೊಡೆತ 1930ರ ಹೊತ್ತಿಗೆ ಪ್ಯಾರಿಸ್ಸಿನ ಚಿತ್ರ ಮಾರುಕಟ್ಟೆಗೂ ತಟ್ಟಿತು. ಊಡೆ ಕೊಳ್ಳುವುದನ್ನು ನಿಲ್ಲಿಸಿದ. ಅವಳ ಮನಸ್ಸು ಕದಡಿತು, ಭ್ರಮೆಗಳು ಹೆಚ್ಚಾದವು. 1932ರಲ್ಲಿ ಅವಳನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಎಲ್ಲಿಯ ಆಸ್ಪತ್ರೆ? ಕ್ಲೆರ್ಮೋನ್. ಹುಡುಗಿಯಾಗಿ ಕೆಲಸಕ್ಕೆ ಸೇರಿದ್ದ ಅದೇ ಊರು.

ಅಲ್ಲಿ ಹತ್ತು ವರ್ಷ ಬದುಕಿದಳು. ಚಿತ್ರ ಬರೆಯಲಿಲ್ಲ. ಅದೇ ಹೊತ್ತಿಗೆ, 1938ರಲ್ಲಿ, ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ ಜನಪದ ಚಿತ್ರಕಾರರ ದೊಡ್ಡ ಪ್ರದರ್ಶನ ನಡೆಯಿತು. ಅದರಲ್ಲಿ ಅವಳ ಚಿತ್ರಗಳಿದ್ದವು. 1940ರಲ್ಲಿ ಜರ್ಮನರು ಫ್ರಾನ್ಸನ್ನು ಆಕ್ರಮಿಸಿದರು. ರೇಷನ್ ಬಂತು. ಆಸ್ಪತ್ರೆಯ ಗೋಡೆಯೊಳಗೆ ಇದ್ದವರು ಹೊರಗೆ ಹೋಗಿ ಆಹಾರ ಹುಡುಕುವಂತಿರಲಿಲ್ಲ, ಕಾಳಸಂತೆಯಲ್ಲಿ ಕೊಳ್ಳುವಂತಿರಲಿಲ್ಲ. ಆ ವರ್ಷಗಳಲ್ಲಿ ಫ್ರಾನ್ಸಿನ ಮಾನಸಿಕ ಆಸ್ಪತ್ರೆಗಳಲ್ಲಿ ಹಸಿವು ಮತ್ತು ಅದರ ಬೆನ್ನಿಗೆ ಬಂದ ಕಾಯಿಲೆಗಳಿಂದ ಸತ್ತವರು 40,000ಕ್ಕೂ ಹೆಚ್ಚು ಎಂದು ಇತಿಹಾಸಕಾರರು ಅಂದಾಜು ಮಾಡಿದ್ದಾರೆ. ಸೆರಾಫೀನ್ 1942ರ ಡಿಸೆಂಬರ್ 11ರಂದು, ಆಸ್ಪತ್ರೆಗೆ ಸೇರಿದ್ದ ವಿಲ್ಲೆರ್-ಸೂ-ಎರ್ಕರಿ ಎಂಬಲ್ಲಿನ ಶಾಖೆಯಲ್ಲಿ ತೀರಿಕೊಂಡಳು. 78 ವರ್ಷ. ಸಾಮೂಹಿಕ ಗುಂಡಿಯಲ್ಲಿ ಮಣ್ಣು ಮಾಡಿದರು.

ಊಡೆ ತನ್ನ ಬರಹದಲ್ಲಿ ಅವಳು 1934ರಲ್ಲೇ ತೀರಿಕೊಂಡಳು ಎಂದು ಬರೆದ. ಬಹಳ ಕಾಲ ಪುಸ್ತಕಗಳು ಅದನ್ನೇ ನಕಲು ಮಾಡಿದವು. ಎಂಟು ವರ್ಷದ ಬದುಕು ಕಡತದಿಂದ ಅಳಿಸಿಹೋಗಿತ್ತು. ಅವನನ್ನು ಖಳನನ್ನಾಗಿ ಮಾಡಲು ಹೊರಡಬೇಡಿ. ನಾಜಿ ಸರ್ಕಾರ 1938ರಲ್ಲಿ ಅವನ ಪೌರತ್ವವನ್ನೇ ಕಿತ್ತುಕೊಂಡಿತ್ತು, ಯುದ್ಧದ ವರ್ಷಗಳಲ್ಲಿ ಅವನೂ ದಕ್ಷಿಣ ಫ್ರಾನ್ಸಿನಲ್ಲಿ ತಲೆಮರೆಸಿಕೊಂಡಿದ್ದ. ಯುದ್ಧ ಮುಗಿದ ಕೂಡಲೇ, 1945ರಲ್ಲಿ, ಪ್ಯಾರಿಸ್ಸಿನಲ್ಲಿ ಅವಳೊಬ್ಬಳದೇ ಪ್ರದರ್ಶನ ಏರ್ಪಡಿಸಿದವನೂ ಅವನೇ. ಚಿತ್ರಗಳ ಬಗ್ಗೆ ಅವನ ನಿಷ್ಠೆ ಕೊನೆಯವರೆಗೂ ಸಡಿಲವಾಗಲಿಲ್ಲ. ಚಿತ್ರ ಬರೆದವಳ ಬಗ್ಗೆ ಅದೇ ಮಾತು ಹೇಳಲು ನನಗೆ ಬಾಯಿ ಬರುವುದಿಲ್ಲ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿದೆ. ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ವಿದ್ಯಾರ್ಥಿನಿ ಕೇಳಿದರು: “ಸರ್, ಎಲೆಯಲ್ಲಿ ಕಣ್ಣು ಬರೆಯುವುದು, ದೇವದೂತನ ಮಾತು ಕೇಳುವುದು, ಇದೆಲ್ಲ ಮೊದಲಿನಿಂದಲೂ ಇದ್ದ ಮಾನಸಿಕ ಕಾಯಿಲೆಯ ಲಕ್ಷಣವೇ ಅಲ್ಲವೆ? ಆ ಕಾಯಿಲೆಯಿಂದಲೇ ಅಂಥ ಚಿತ್ರ ಬಂತು ಅನ್ನಬಹುದಲ್ಲ?”

ಕೇಳಲೇಬೇಕಾದ ಪ್ರಶ್ನೆ. ಕಾಯಿಲೆ ಇರಲಿಲ್ಲ ಎಂದು ನಾನು ಹೇಳುವುದಿಲ್ಲ, ಕೊನೆಗಾಲದಲ್ಲಿ ಅದು ಅವಳನ್ನು ನುಂಗಿತು. ಆದರೆ ಚಿತ್ರಕ್ಕೆ ಅದೇ ಕಾರಣವಾಗಿದ್ದರೆ ಕಾಯಿಲೆ ಉಲ್ಬಣಿಸಿದಾಗ ಚಿತ್ರ ಹೆಚ್ಚಬೇಕಿತ್ತು. ಆದದ್ದು ಉಲ್ಟಾ. ಆಸ್ಪತ್ರೆ ಸೇರಿದ ಮೇಲೆ ಬ್ರಷ್ ಮುಟ್ಟಲಿಲ್ಲ. ಅವಳು ಬರೆದದ್ದು ದುಡಿಯುತ್ತಿದ್ದ, ಬಾಡಿಗೆ ಕಟ್ಟುತ್ತಿದ್ದ, ಅಂಗಡಿಗೆ ಹೋಗಿ ಬಣ್ಣದ ಡಬ್ಬ ಕೊಳ್ಳುತ್ತಿದ್ದ ವರ್ಷಗಳಲ್ಲಿ. ಇನ್ನೊಂದು ಮಾತು. ದೇವರ ಅಪ್ಪಣೆಯಾಯಿತು ಎಂದು ಕೃತಿ ರಚಿಸಿದವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಅವರಲ್ಲಿ ಕೆಲವರನ್ನು ಸಂತರು ಎಂದು ಓದುತ್ತೇವೆ, ಕೆಲವರನ್ನು ರೋಗಿಗಳು ಎಂದು. ಯಾರು ಯಾವ ಕಡೆ ಬೀಳುತ್ತಾರೆ ಎನ್ನುವುದಕ್ಕೂ ಅವರ ಮನೆತನ, ವಿದ್ಯೆ, ಅಂತಸ್ತಿಗೂ ಇರುವ ನಂಟನ್ನು ನೀವೇ ಹುಡುಕಿ ನೋಡಿ.

ಹಿರಿಯರೊಬ್ಬರು ಕೇಳಿದ್ದು ಸರಳವಾಗಿತ್ತು: “ಇದನ್ನೆಲ್ಲ ನಿಜವಾಗಿ ನೋಡಬೇಕು ಅಂದರೆ ಎಲ್ಲಿಗೆ ಹೋಗಬೇಕು?”

ಮೊದಲಿಗೆ, ಮೊಬೈಲಿನಲ್ಲಿ ನೋಡಿ ಅಳೆಯಬೇಡಿ. ಎನಾಮಲ್ಲಿನ ಹೊಳಪು ಫೋಟೊದಲ್ಲಿ ಸತ್ತುಹೋಗುತ್ತದೆ, ಎರಡು ಮೀಟರ್ ಎತ್ತರ ಅಂಗೈಯಷ್ಟಾಗುತ್ತದೆ. 2008ರಲ್ಲಿ ಮಾರ್ತಾನ್ ಪ್ರೊವೊ ಅವಳ ಬದುಕಿನ ಮೇಲೆ ಒಂದು ಸಿನಿಮಾ ಮಾಡಿದರು, ಯೊಲಾಂದ್ ಮೊರೊ ನಟಿಸಿದರು. ಫ್ರಾನ್ಸಿನ ಸೆಸಾರ್ ಪ್ರಶಸ್ತಿಗಳಲ್ಲಿ ಏಳು ಅದಕ್ಕೆ ಬಂದವು. ಜನ ಅವಳ ಹೆಸರು ಕೇಳಿ ಬರತೊಡಗಿದ್ದು ಬಹುಮಟ್ಟಿಗೆ ಆಮೇಲೆ. ಚಿತ್ರಗಳಿಗಾಗಿ ಹೋಗುವುದಾದರೆ ಸಾನ್ಲಿಸ್‌ಗೇ ಹೋಗಿ, ಪ್ಯಾರಿಸ್ಸಿನಿಂದ ಸುಮಾರು 40 ಕಿಲೋಮೀಟರ್. ವಸ್ತುಸಂಗ್ರಹಾಲಯ ಇರುವುದು ಕ್ಯಾಥೆಡ್ರಲ್ ಪಕ್ಕದಲ್ಲೇ, ಹಿಂದೆ ಬಿಷಪ್ಪರ ಅರಮನೆಯಾಗಿದ್ದ ಕಟ್ಟಡದಲ್ಲಿ. ಎರಡನ್ನೂ ಒಂದೇ ದಿನ ನೋಡಬಹುದು. ಮೊದಲು ಕ್ಯಾಥೆಡ್ರಲ್ಲಿಗೆ ಹೋಗಿ, ಬಿಸಿಲಿರುವ ಹೊತ್ತಿನಲ್ಲಿ.